ಹಳೆಯ ಡಿಸ್ಕ್‌ಗಳನ್ನು ಓದಿಸಲು ಯಾವ ಡ್ರೈವ್? ಕರಾವಳಿಯ ಒಂದು ಮನೆಯ ವಿಡಿಯೊ ಸಂಗ್ರಹದ ಪ್ರಕರಣ

ಹಿನ್ನೆಲೆ

ಈ ಪ್ರಕರಣ ಕುಮಟಾ ಮತ್ತು ಹೊನ್ನಾವರಗಳ ನಡುವಿನ ಒಂದು ಕೂಡುಕುಟುಂಬದ್ದು. ಮನೆಯವರ ಇಚ್ಛೆಯಂತೆ ಊರು ಮತ್ತು ನಂಟಸ್ತಿಕೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಡಿಸ್ಕ್ ಮತ್ತು ಡ್ರೈವ್‌ಗಳಿಗೆ ಸಂಬಂಧಿಸಿದ ಸಂಗತಿಗಳನ್ನು ಇದ್ದಂತೆಯೇ ಇಟ್ಟಿದ್ದೇನೆ. ಮನೆಯಲ್ಲಿ ಸುಮಾರು 200 ಡಿಸ್ಕ್‌ಗಳಿದ್ದವು. 2000ರ ದಶಕದ ಮೊದಲ ವರ್ಷಗಳಲ್ಲಿ ಸ್ಟುಡಿಯೊದವರು ಕೊಟ್ಟ ಮದುವೆಯ ವಿಸಿಡಿಗಳು (ಸಿ.ಡಿ.ಯಲ್ಲಿಯೇ ವಿಡಿಯೊ ತುಂಬಿದವು), ಆಮೇಲಿನ ಉಪನಯನ, ಗೃಹಪ್ರವೇಶಗಳ ಡಿವಿಡಿಗಳು, ಕೆಲವು ವರ್ಷ ಮನೆಯಲ್ಲಿದ್ದ ಹ್ಯಾಂಡಿಕ್ಯಾಮ್‌ನ 8 ಸೆಂ.ಮೀ. ಅಗಲದ ಚಿಕ್ಕ ಡಿಸ್ಕ್‌ಗಳು, ಹಣ ಕೊಟ್ಟು ಕೊಂಡ ಸಿನಿಮಾಗಳ ಡಿವಿಡಿಗಳು ಮತ್ತು ಬೆರಳೆಣಿಕೆಯ ಬ್ಲೂ-ರೇಗಳು ಅದರಲ್ಲಿ ಸೇರಿದ್ದವು. ಇವೆಲ್ಲವುಗಳ ನಡುವೆ ಮನೆಯವರಿಗೆ ಅತಿ ಮುಖ್ಯವಾದದ್ದು, ಈಗಿನ ಯಜಮಾನರ ತಂದೆ ಅರ್ಥ ಹೇಳಿದ ಒಂದು ತಾಳಮದ್ದಳೆಯ ದಾಖಲೆ. ಆ ಹಿರಿಯರು ವೃತ್ತಿಪರ ಅರ್ಥಧಾರಿಯಲ್ಲ, ಹವ್ಯಾಸಿ. ಅವರ ಧ್ವನಿ ಮತ್ತೆಲ್ಲೂ ದಾಖಲಾಗಿರಲಿಲ್ಲ.

ಡಿಸ್ಕ್‌ಗಳನ್ನು ರೆಕ್ಸಿನ್ ಹೊದಿಕೆಯ ಚೀಲಗಳಲ್ಲಿ ಹಾಕಿ ಮೆತ್ತಿನ ಮೇಲಿನ ಕಪಾಟಿನಲ್ಲಿ ಇಟ್ಟಿದ್ದರು. ವರ್ಷಕ್ಕೆ 3,000 ಮಿಲಿಮೀಟರ್ ಮೀರುವ ಮಳೆ ಮತ್ತು ಉಪ್ಪಿನಂಶದ ಗಾಳಿ ಇರುವ ಕರಾವಳಿಯಲ್ಲಿ ಇಂಥ ಚೀಲದೊಳಗೆ ತೇವ ಸೇರಿಕೊಂಡರೆ ಹೊರಗೆ ಹೋಗುವುದು ಕಷ್ಟ. ಕೆಲವು ಡಿಸ್ಕ್‌ಗಳ ಅಂಚಿನಲ್ಲಿ ಬೂಷ್ಟು ಕಟ್ಟಿತ್ತು; ಕೆಲವು ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡಿದ್ದವು. ಶಿರಸಿಯಲ್ಲಿ ಶಿಕ್ಷಕಿಯಾಗಿರುವ ಮನೆಯ ಮಗಳು ಎಲ್ಲವನ್ನೂ ಹಾರ್ಡ್‌ಡಿಸ್ಕ್‌ಗೆ ಇಳಿಸಬೇಕೆಂದು ನಿರ್ಧರಿಸಿ ಸಹಾಯ ಕೇಳಿದರು. ಯಜಮಾನರು ನನಗೆ ಹೇಳಿದ್ದು ಒಂದೇ ಮಾತು: “ತಮಾ, ಉಳಿದದ್ದು ಹೋದ್ರೂ ಅಡ್ಡಿಲ್ಲೆ, ಅಪ್ಪಯ್ಯನ ಅರ್ಥ ಮಾತ್ರ ಬೇಕು.”

ಎದುರಾದ ತೊಡಕು

ನಾನು ಹೋಗುವ ಮೊದಲೇ ಮನೆಯವರು ಕೆಲಸ ಆರಂಭಿಸಿದ್ದರು. ಬೆಂಗಳೂರಿನ ಸಂಬಂಧಿಕರೊಬ್ಬರು ಆನ್‌ಲೈನ್‌ನಲ್ಲಿ ಕೊಂಡು ತಂದಿದ್ದ ತೆಳ್ಳಗಿನ ಯುಎಸ್‌ಬಿ ಡಿವಿಡಿ ಡ್ರೈವನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಒಂದೊಂದೇ ಡಿಸ್ಕನ್ನು ನಕಲು ಮಾಡುತ್ತಿದ್ದರು. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್‌ಗಳು ಚೆನ್ನಾಗಿಯೇ ಓಡಿದವು. ಮನೆಯ ಸಮಾರಂಭಗಳ ಡಿವಿಡಿಗಳಲ್ಲಿ ಮಾತ್ರ ಸುಮಾರು ಮೂರರಲ್ಲಿ ಒಂದು ಅರ್ಧದಲ್ಲಿ ಅಥವಾ ಕೊನೆಯ ಹೊತ್ತಿಗೆ ನಿಂತುಬಿಡುತ್ತಿತ್ತು. ಕೆಲವೊಮ್ಮೆ ಡ್ರೈವ್ ಟಿಕ್ ಟಿಕ್ ಎಂದು ಸದ್ದು ಮಾಡಿ ಕಂಪ್ಯೂಟರಿನಿಂದಲೇ ಸಂಪರ್ಕ ಕಳೆದುಕೊಳ್ಳುತ್ತಿತ್ತು. ಹೀಗೆ ನಿಂತ ಡಿಸ್ಕ್‌ಗಳನ್ನೆಲ್ಲ ‘ಹಾಳಾದವು’ ಎಂದು ಬೇರೆ ಕಟ್ಟಿಟ್ಟಿದ್ದರು. ತಾಳಮದ್ದಳೆಯ ಡಿವಿಡಿಯೂ ಆ ಕಟ್ಟಿನಲ್ಲಿಯೇ ಇತ್ತು.

ಆದರೆ ಅದೇ ಕಟ್ಟಿನ ಕೆಲವು ಡಿಸ್ಕ್‌ಗಳು ಟಿವಿಗೆ ಜೋಡಿಸಿದ್ದ ಹಳೆಯ ಡಿವಿಡಿ ಪ್ಲೇಯರಿನಲ್ಲಿ ಅಲ್ಲಲ್ಲಿ ಚೌಕಚೌಕವಾಗಿ ಒಡೆದರೂ ಕೊನೆಯವರೆಗೆ ಓಡುತ್ತಿದ್ದವು. ಪ್ಲೇಯರ್ ಓದಲಾಗದ ಭಾಗವನ್ನು ಬಿಟ್ಟು ಮುಂದೆ ಹೋಗುತ್ತದೆ. ಕಂಪ್ಯೂಟರಿನ ಸಾಮಾನ್ಯ ನಕಲು ವಿಧಾನವಾದರೋ ಒಂದು ಸೆಕ್ಟರ್, ಅಂದರೆ ಡಿಸ್ಕಿನ ಮಾಹಿತಿಯ ಒಂದು ಚಿಕ್ಕ ತುಣುಕು, ಸಿಗದಿದ್ದರೂ ಇಡೀ ಫೈಲನ್ನೇ ಕೈಬಿಡುತ್ತದೆ. ಆದ್ದರಿಂದ ‘ನಕಲಾಗಲಿಲ್ಲ’ ಎಂಬುದರಿಂದ ಡಿಸ್ಕ್ ಹಾಳಾಗಿದೆ ಎಂದು ತೀರ್ಮಾನಿಸುವಂತಿರಲಿಲ್ಲ. ಡಿಸ್ಕ್, ಡ್ರೈವ್, ವಿದ್ಯುತ್ ಪೂರೈಕೆ ಮತ್ತು ನಕಲು ಮಾಡುವ ತಂತ್ರಾಂಶ ಎಂಬ ನಾಲ್ಕರಲ್ಲಿ ದೋಷ ಎಲ್ಲಿದೆ ಎಂಬುದನ್ನು ಬಿಡಿಸಿಕೊಳ್ಳದೆ ಹೊಸ ಡ್ರೈವ್ ಕೊಳ್ಳುವುದು ಬೇಡವೆಂದು ತಡೆದೆ. ಮುಂದಿನ ಎಲ್ಲ ನಿರ್ಧಾರಗಳೂ ಈ ತಡೆಯಿಂದಲೇ ಹುಟ್ಟಿದವು.

ಮೊದಲು ವಿದ್ಯುತ್ತಿನ ಪ್ರಶ್ನೆಯನ್ನು ಬಗೆಹರಿಸಿದೆವು. ಯುಎಸ್‌ಬಿ 2.0 ಪೋರ್ಟ್ ನಿಯಮದಂತೆ ಕೊಡುವುದು 500 ಮಿಲಿಆಂಪಿಯರ್, 3.0 ಪೋರ್ಟ್ ಕೊಡುವುದು 900. ತೆಳ್ಳಗಿನ ಡ್ರೈವ್ ಡಿಸ್ಕನ್ನು ತಿರುಗಿಸಲು ಆರಂಭಿಸುವಾಗ, ಅಥವಾ ಎಡವಿದ ಜಾಗವನ್ನು ಮತ್ತೆ ಮತ್ತೆ ಹುಡುಕುವಾಗ, ಅದಕ್ಕಿಂತ ಹೆಚ್ಚು ಕರೆಂಟ್ ಎಳೆಯಬಹುದು. ಪ್ರತ್ಯೇಕ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ಬಿಗೆ ಡ್ರೈವನ್ನು ಜೋಡಿಸಿದ ಮೇಲೆ ಸಂಪರ್ಕ ಕಡಿದುಹೋಗುವುದು ನಿಂತಿತು. ಕೆಲವು ಡಿಸ್ಕ್‌ಗಳು ಅಷ್ಟರಿಂದಲೇ ‘ಹಾಳಾದ’ ಕಟ್ಟಿನಿಂದ ಹೊರಬಂದವು. ಉಳಿದವು ಮಾತ್ರ ಅಲ್ಲಿಯೇ ಇದ್ದವು.

ಅಗಲದ ಡ್ರೈವ್, ಅದೂ ಎರಡು

ಮನೆಯಲ್ಲಿ ಬಳಕೆ ತಪ್ಪಿದ್ದ ಹಳೆಯ ಡೆಸ್ಕ್‌ಟಾಪ್ ಒಂದಿತ್ತು. ಅದರ ಡಿವಿಡಿ ರೈಟರ್ 5.25 ಇಂಚಿನ, ಕಂಪ್ಯೂಟರಿನ ಒಳಗೇ ಸಾಟಾ ಎಂಬ ಕೇಬಲ್ಲಿನಿಂದ ಜೋಡಿಸುವ ಅಗಲದ ಡ್ರೈವ್. ಅದರ ಮೋಟಾರಿಗೆ 12 ವೋಲ್ಟಿನ ವಿದ್ಯುತ್ತು ಕಂಪ್ಯೂಟರಿನ ಪವರ್ ಸಪ್ಲೈನಿಂದಲೇ ಬರುತ್ತದೆ. ಲೆನ್ಸನ್ನು ಹೊತ್ತು ಸಾಗುವ ಭಾಗ ಗಟ್ಟಿ, ಡಿಸ್ಕನ್ನು ಮೇಲೆ ಕೆಳಗೆ ಹಿಡಿಯುವ ಬಗೆಯೂ ಭದ್ರ. ತೆಳ್ಳಗಿನ ಡ್ರೈವಿನಲ್ಲಿ ನಿಂತಿದ್ದ ಡಿಸ್ಕ್‌ಗಳನ್ನು ಇದಕ್ಕೆ ಹಾಕಿದಾಗ ಅವುಗಳಲ್ಲಿ ಹಲವು ಪೂರ್ತಿಯಾಗಿ ಓದಿಸಿಕೊಂಡವು. ವಿಚಿತ್ರವೆಂದರೆ, ತೆಳ್ಳಗಿನ ಡ್ರೈವ್ ಸಲೀಸಾಗಿ ಓದಿದ್ದ ಒಂದೆರಡು ಡಿಸ್ಕ್‌ಗಳಲ್ಲಿ ಇದು ಎಡವಿತು. ಈ ಪ್ರಕರಣದ ದಿಕ್ಕು ಬದಲಿಸಿದ ಸಂಗತಿ ಇದೇ. ಅಲ್ಲಿಯವರೆಗೆ ಮನೆಯವರು ‘ಎಲ್ಲಕ್ಕಿಂತ ಒಳ್ಳೆಯ ಡ್ರೈವ್ ಯಾವುದು’ ಎಂದು ಕೇಳುತ್ತಿದ್ದರು. ಅಂದಿನಿಂದ ನಮ್ಮ ಪ್ರಶ್ನೆ ‘ಒಂದು ಬಿಟ್ಟದ್ದನ್ನು ಇನ್ನೊಂದು ಓದುವಂಥ ಎರಡು ಡ್ರೈವ್‌ಗಳು ಯಾವುವು’ ಎಂದಾಯಿತು.

ಇದಕ್ಕೆ ಕಾರಣವಿದೆ. ಮನೆಯಲ್ಲಿ ಅಥವಾ ಸ್ಟುಡಿಯೊದಲ್ಲಿ ಬರೆದ ಡಿವಿಡಿ-ಆರ್ ಡಿಸ್ಕಿನಲ್ಲಿ ಮಾಹಿತಿ ಇರುವುದು, ಕೊಂಡ ಸಿನಿಮಾ ಡಿಸ್ಕಿನಂತೆ ಅಚ್ಚೊತ್ತಿದ ಗುಳಿಗಳಲ್ಲಲ್ಲ, ಲೇಸರ್ ಬಣ್ಣಗೆಡಿಸಿದ ಸಾವಯವ ಬಣ್ಣದ ಪದರದಲ್ಲಿ. ಆ ಗುರುತುಗಳ ಸ್ಪಷ್ಟತೆ ಮೊದಲೇ ಕಡಿಮೆ, ವರ್ಷಗಳು ಕಳೆದಂತೆ ಇನ್ನೂ ಕಡಿಮೆಯಾಗುತ್ತದೆ. 650 ನ್ಯಾನೊಮೀಟರಿನ ಕೆಂಪು ಲೇಸರಿನಿಂದ ಹಿಂದಿರುಗಿದ ಮಸುಕು ಸಂಕೇತವನ್ನು ಸೊನ್ನೆ–ಒಂದುಗಳಾಗಿ ಬಿಡಿಸುವ ಚಿಪ್ಪು ಮತ್ತು ಅದನ್ನು ನಡೆಸುವ ಫರ್ಮ್‌ವೇರ್ (ಡ್ರೈವಿನೊಳಗೇ ಇರುವ ತಂತ್ರಾಂಶ) ಒಬ್ಬೊಬ್ಬ ತಯಾರಕರದ್ದು ಒಂದೊಂದು ಬಗೆ. ಹೀಗಾಗಿ ಅವು ಸೋಲುವ ಜಾಗಗಳೂ ಬೇರೆ ಬೇರೆ.

ಎರಡನೆಯ ಡ್ರೈವ್ ಹುಡುಕುವಾಗ ಎಚ್ಚರ ಬೇಕಾಯಿತು. ಪೆಟ್ಟಿಗೆಯ ಮೇಲೆ ಎರಡು ಬೇರೆ ಹೆಸರುಗಳಿದ್ದ ಮಾತ್ರಕ್ಕೆ ಒಳಗಿನ ಯಂತ್ರ ಬೇರೆಯಾಗಬೇಕೆಂದಿಲ್ಲ. ಒಬ್ಬರು ತಯಾರಿಸಿದ್ದನ್ನು ಇನ್ನೊಬ್ಬರು ತಮ್ಮ ಹೆಸರಿನಲ್ಲಿ ಮಾರುವುದು ಈ ವ್ಯಾಪಾರದಲ್ಲಿ ಸಾಮಾನ್ಯ. ಡ್ರೈವ್ ಕಂಪ್ಯೂಟರಿಗೆ ತಾನು ಯಾರೆಂದು ಹೇಳಿಕೊಳ್ಳುವ ಗುರುತಿನಲ್ಲಿ ನಿಜವಾದ ತಯಾರಕರು ಕಾಣಿಸುತ್ತಾರೆ. ‘ಎಚ್‌ಎಲ್-ಡಿಟಿ-ಎಸ್‌ಟಿ’ ಎಂದಿದ್ದರೆ ಹಿಟಾಚಿ-ಎಲ್‌ಜಿ, ‘ಟಿಎಸ್‌ಎಸ್‌ಟಿಕಾರ್ಪ್’ ಎಂದಿದ್ದರೆ ತೋಷಿಬಾ-ಸ್ಯಾಮ್‌ಸಂಗ್, ‘ಪಿಎಲ್‌ಡಿಎಸ್’ ಎಂದಿದ್ದರೆ ಫಿಲಿಪ್ಸ್ ಮತ್ತು ಲೈಟ್-ಆನ್, ‘ಮತ್ಶಿಟಾ’ ಎಂದಿದ್ದರೆ ಪ್ಯಾನಸೋನಿಕ್. ಡೆಸ್ಕ್‌ಟಾಪಿನಲ್ಲಿದ್ದ ಡ್ರೈವಿನ ಗುರುತನ್ನು ಬರೆದುಕೊಂಡು, ಅದಲ್ಲದ ಬೇರೊಂದು ಗುರುತಿನ ಅಗಲದ ಡ್ರೈವನ್ನು ಶಿರಸಿಯ ಕಂಪ್ಯೂಟರ್ ರಿಪೇರಿ ಅಂಗಡಿಯೊಂದರ ಹಳೆಯ ಸಾಮಾನುಗಳ ನಡುವಿನಿಂದ ಆರಿಸಿದೆವು. ಈಗಿನ ಕ್ಯಾಬಿನೆಟ್‌ಗಳಲ್ಲಿ 5.25 ಇಂಚಿನ ಜಾಗವೇ ಇಲ್ಲದ ಕಾರಣ ಹೊಸ ಅಗಲದ ಡ್ರೈವ್ ಸಿಗುವುದು ವಿರಳ. ಹಳೆಯದೇ ಗತಿಯಾದಾಗ ಅಂಗಡಿಯಲ್ಲೇ ಪರೀಕ್ಷಿಸಿ ತರುವುದು ಕ್ಷೇಮ.

ಆ ಪರೀಕ್ಷೆಯಲ್ಲಿ ಬಹಳ ಜನ ತಪ್ಪುವ ಒಂದು ಅಂಶವಿದೆ. ಕೊಂಡ ಸಿನಿಮಾ ಡಿವಿಡಿಯೊಂದು ಓಡಿದರೆ ಡ್ರೈವ್ ಸರಿಯಿದೆ ಎಂದುಕೊಳ್ಳುತ್ತಾರೆ. ಅಚ್ಚಿನ ಡಿಸ್ಕ್ ಓದುವುದು ಯಾವ ಡ್ರೈವಿಗೂ ಸುಲಭ. ಪರೀಕ್ಷೆ ಆಗಬೇಕಾದ್ದು ಮನೆಯಲ್ಲಿ ಬರೆದ, ಅಂಚಿನವರೆಗೂ ತುಂಬಿದ, ಮಹತ್ವವಿಲ್ಲದ ಹಳೆಯ ಡಿಸ್ಕಿನಿಂದ. ಸಿ.ಡಿ.ಯನ್ನು ಪ್ರತ್ಯೇಕವಾಗಿ ನೋಡಬೇಕು, ಏಕೆಂದರೆ ಸಿ.ಡಿ.ಗೆ ಬಳಕೆಯಾಗುವುದು 780 ನ್ಯಾನೊಮೀಟರಿನ ಇನ್ನೊಂದು ಲೇಸರ್. ಡಿವಿಡಿಯನ್ನು ಚೆನ್ನಾಗಿ ಓದುವ ಡ್ರೈವಿನಲ್ಲಿ ಸಿ.ಡಿ.ಯ ಲೇಸರ್ ಸೊರಗಿರುವುದುಂಟು. ಅಂಗಡಿಯಲ್ಲಿ ನಾವು ಬೇಡವೆಂದು ಬಿಟ್ಟ ಒಂದು ಡ್ರೈವಿನ ಸ್ಥಿತಿ ಹೀಗೆಯೇ ಇತ್ತು.

ಬ್ಲೂ-ರೇ ಡ್ರೈವ್ ಬೇಕೇ?

ಈ ಹಂತದಲ್ಲಿ ಮನೆಯೊಳಗೆ ಭಿನ್ನಾಭಿಪ್ರಾಯ ಬಂತು. ಬ್ಲೂ-ರೇ ಡ್ರೈವ್ ಸಿ.ಡಿ., ಡಿವಿಡಿ, ಬ್ಲೂ-ರೇ ಮೂರನ್ನೂ ಓದುವುದರಿಂದ ಒಂದನ್ನೇ ಕೊಂಡರೆ ಸಾಕೆಂದು ಬೆಂಗಳೂರಿನವರು ವಾದಿಸಿದರು. ಬೆಲೆ ಡಿವಿಡಿ ರೈಟರಿನ ಹಲವು ಪಟ್ಟು. ಅದರ 405 ನ್ಯಾನೊಮೀಟರಿನ ನೀಲಿ-ನೇರಳೆ ಲೇಸರ್ ಬ್ಲೂ-ರೇ ಡಿಸ್ಕಿಗಷ್ಟೇ ಉಪಯೋಗ. ಡಿವಿಡಿ ಹಾಕಿದಾಗ ಅದೂ ಕೆಂಪು ಲೇಸರಿನಿಂದಲೇ ಓದಬೇಕು. ಮನೆಯ ಸಮಾರಂಭ ಒಂದೂ ಬ್ಲೂ-ರೇಯಲ್ಲಿ ಇರಲಿಲ್ಲ. ಇದ್ದ ಬ್ಲೂ-ರೇಗಳೆಲ್ಲ ಇಂದಿಗೂ ಬೇರೆ ದಾರಿಯಲ್ಲಿ ನೋಡಸಿಗುವ ಸಿನಿಮಾಗಳು. ಮಸುಕಾದ ಡಿವಿಡಿ-ಆರ್‌ಗೆ ಒಂದು ದುಬಾರಿ ಡ್ರೈವಿಗಿಂತ ಎರಡು ಅಗ್ಗದ, ಬೇರೆ ಬೇರೆ ಯಂತ್ರಗಳೇ ಲೇಸೆಂದು ನಾನು ಹೇಳಿದೆ. ಯಜಮಾನರ ಮಗಳು ಅದಕ್ಕೆ ಒಪ್ಪಿದರು. ಸಂಗ್ರಹದಲ್ಲಿ ಬ್ಲೂ-ರೇ ಹೆಚ್ಚಿರುವವರಿಗೆ ಈ ಲೆಕ್ಕ ಬೇರೆಯಾಗುತ್ತದೆ.

ಕೊಂಡ ಸಿನಿಮಾಗಳ ಬಗ್ಗೆ ಇನ್ನೊಂದು ವಿಷಯವನ್ನೂ ಚರ್ಚಿಸಿದೆವು. ಮನೆಯಲ್ಲಿ ಬರೆದ ಡಿಸ್ಕ್‌ಗಳಿಗೆ ಯಾವ ಬೀಗವೂ ಇಲ್ಲ. ಸಿನಿಮಾ ಡಿವಿಡಿಗಳಲ್ಲಿ ಹೆಚ್ಚಿನವಕ್ಕೆ ಸಿಎಸ್‌ಎಸ್, ಬ್ಲೂ-ರೇಗಳಿಗೆ ಎಎಸಿಎಸ್ ಎಂಬ ಗೂಢಲಿಪಿಯ ರಕ್ಷಣೆ ಇರುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಂ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆಯನ್ನು ಮುರಿಯುವುದನ್ನು ಶಿಕ್ಷಾರ್ಹ ಎನ್ನುತ್ತದೆ. ಮನೆಯವರು ಸಿನಿಮಾಗಳನ್ನು ಡಿಸ್ಕಿನಿಂದಲೇ ನೋಡುವುದಾಗಿ ನಿರ್ಧರಿಸಿ ಆ ಕಟ್ಟನ್ನು ಪೂರ್ತಿ ಬದಿಗಿಟ್ಟರು. ಸಿನಿಮಾ ಡಿವಿಡಿಗಳು ಜಗತ್ತಿನ ಯಾವ ಭಾಗದಲ್ಲಿ ಓಡಬೇಕೆಂಬುದನ್ನು ವಲಯದ ಸಂಖ್ಯೆಯಿಂದ ಕಟ್ಟಿಹಾಕಿರುತ್ತಾರೆ. ಅಮೆರಿಕದಿಂದ ನಂಟರು ತಂದಿದ್ದ ಕೆಲವು ಡಿವಿಡಿಗಳು 1ನೇ ವಲಯದವು. ಭಾರತದ್ದು 5ನೇ ವಲಯ. ಡ್ರೈವಿನ ವಲಯವನ್ನು ಒಟ್ಟು ಐದು ಸಲ ಮಾತ್ರ ಬದಲಿಸಲು ಬರುವುದರಿಂದ, ಅವುಗಳಿಗಾಗಿ ಕೆಲಸದ ಡ್ರೈವಿನ ವಲಯವನ್ನು ಮುಟ್ಟದಿರಲು ಮೊದಲೇ ತಿಳಿಸಿದೆ.

ಓದಿಸಿದ ಬಗೆ

ಮುಖ್ಯವಾದ ಡಿಸ್ಕನ್ನು ಮೊದಲು ಹಾಕಬಾರದೆಂಬುದು ನಮ್ಮ ಮೊದಲ ನಿಯಮ. ಕಡಿಮೆ ಮಹತ್ವದವುಗಳಿಂದ ಆರಂಭಿಸಿ ಎರಡೂ ಡ್ರೈವ್‌ಗಳ ಸ್ವಭಾವ ತಿಳಿದ ಮೇಲೆಯೇ ತಾಳಮದ್ದಳೆಯ ಸರದಿ. ಬೂಷ್ಟು ಹಿಡಿದವುಗಳನ್ನು ಡಿಸ್ಟಿಲ್ಡ್ ನೀರು ಮತ್ತು ಒಂದು ಹನಿ ಸೋಪಿನಿಂದ ತೊಳೆದು, ಮೃದುವಾದ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆವು. ವೃತ್ತಾಕಾರವಾಗಿ ಒರೆಸಿದರೆ ಬೀಳುವ ಗೀರು ಟ್ರ್ಯಾಕಿನ ಉದ್ದಕ್ಕೂ ಹೋಗಿ, ತಪ್ಪು ತಿದ್ದುವ ವ್ಯವಸ್ಥೆಯ ಶಕ್ತಿಯನ್ನು ಮೀರುವಷ್ಟು ಮಾಹಿತಿಯನ್ನು ಒಟ್ಟಿಗೆ ಅಳಿಸುತ್ತದೆ.

ನಕಲಿಗೆ ಲಿನಕ್ಸಿನ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಬಳಸಿದೆವು. ಅದು ಫೈಲುಗಳನ್ನು ನೋಡುವುದಿಲ್ಲ; ಇಡೀ ಡಿಸ್ಕನ್ನು ಒಂದು ಇಮೇಜ್ ಆಗಿ, ಅಂದರೆ ಡಿಸ್ಕಿನ ಯಥಾಪ್ರತಿಯಾದ ಒಂದೇ ಕಡತವಾಗಿ, ಇಳಿಸುತ್ತದೆ, ಸುಲಭವಾಗಿ ಸಿಗುವುದನ್ನು ಮೊದಲು ತೆಗೆದುಕೊಂಡು ತೊಡಕಿನ ಜಾಗಗಳನ್ನು ಕೊನೆಗೆ ಬಿಡುತ್ತದೆ. ಯಾವ ಸೆಕ್ಟರ್ ಸಿಕ್ಕಿದೆ, ಯಾವುದು ಸಿಕ್ಕಿಲ್ಲ ಎಂಬುದನ್ನು ಮ್ಯಾಪ್ ಫೈಲ್ ಎಂಬ ಕಡತದಲ್ಲಿ ಬರೆದಿಡುತ್ತದೆ. ಡಿಸ್ಕನ್ನು ಇನ್ನೊಂದು ಡ್ರೈವಿಗೆ ಹಾಕಿ ಅದೇ ಇಮೇಜ್ ಮತ್ತು ಅದೇ ಮ್ಯಾಪ್ ಫೈಲ್ ತೋರಿಸಿದರೆ ಸಿಗದೆ ಉಳಿದವುಗಳಿಗಷ್ಟೇ ಪ್ರಯತ್ನ ಮುಂದುವರಿಯುತ್ತದೆ. ಎರಡು ಡ್ರೈವ್‌ಗಳ ಆಯ್ಕೆಗೆ ಅರ್ಥ ಬಂದದ್ದು ಈ ಅನುಕೂಲದಿಂದ. ಮಳೆಗಾಲದಲ್ಲಿ ಕರೆಂಟ್ ಹೋದಾಗಲೂ ಮಾಡಿದ ಕೆಲಸ ವ್ಯರ್ಥವಾಗಲಿಲ್ಲ. ಮತ್ತೆ ಬಂದಾಗ ಬಿಟ್ಟಲ್ಲಿಂದ ಮುಂದುವರಿಸಿದೆವು.

ವೇಗವನ್ನು ಇಳಿಸಿದ್ದೂ ಫಲ ಕೊಟ್ಟಿತು. ಡಿವಿಡಿಯ ಒಂದು ಪಟ್ಟು ವೇಗವೆಂದರೆ ಸೆಕೆಂಡಿಗೆ ಸುಮಾರು 1.385 ಮೆಗಾಬೈಟ್. 16 ಪಟ್ಟಿನಲ್ಲಿ ಡಿಸ್ಕ್ ನಿಮಿಷಕ್ಕೆ ಹತ್ತು ಸಾವಿರ ಸುತ್ತುಗಳ ಹತ್ತಿರ ತಿರುಗುತ್ತದೆ, ಸ್ವಲ್ಪ ಬಾಗಿದ ಡಿಸ್ಕಿನ ಅಂಚು ಆಗ ಅದುರಲು ತೊಡಗುತ್ತದೆ. 4 ಪಟ್ಟಿಗೆ ಮಿತಿಗೊಳಿಸಿದರೆ 4.7 ಗಿಗಾಬೈಟಿನ ತುಂಬಿದ ಡಿಸ್ಕಿಗೆ ಸುಮಾರು 14 ನಿಮಿಷ ಹಿಡಿಯುತ್ತದೆ. ಆ ಸಮಯ ಕೊಡಲು ಅರ್ಹ. ಡಿಸ್ಕ್ ಬರೆಯುವುದು ಒಳಗಿನಿಂದ ಹೊರಕ್ಕೆ. ಆದ್ದರಿಂದ ದಾಖಲೆಯ ಕೊನೆಯ ಭಾಗ ಅಂಚಿನಲ್ಲಿರುತ್ತದೆ. ಬೆರಳಚ್ಚು, ಬೂಷ್ಟು, ಬಾಗು ಎಲ್ಲವೂ ಮೊದಲು ತಾಗುವುದು ಅಲ್ಲಿಯೇ.

ವಿಸಿಡಿಗಳು ಬೇರೆಯೇ ದಾರಿ ಕೇಳಿದವು. ಅವುಗಳ ವಿಡಿಯೊ ಭಾಗದ ಸೆಕ್ಟರ್‌ಗಳು ಸಾಮಾನ್ಯ ಡೇಟಾ ಸಿ.ಡಿ.ಯ 2,048 ಬೈಟಿನವಲ್ಲ. ಹೆಚ್ಚು ಚಿತ್ರ ಹಿಡಿಸಲೆಂದು ತಪ್ಪು ತಿದ್ದುವ ಒಂದು ಪದರವನ್ನೇ ಬಿಟ್ಟು 2,324 ಬೈಟ್ ತುಂಬಿರುತ್ತಾರೆ. ಹೀಗಾಗಿ ಡಿಡಿರೆಸ್ಕ್ಯೂ ಇಲ್ಲಿ ನಡೆಯದು. ವಿಸಿಡಿಎಕ್ಸ್‌ರಿಪ್ ಎಂಬ ಸಲಕರಣೆಯಿಂದ ಎಂಪಿಇಜಿ ಬಗೆಯ ವಿಡಿಯೊ ಫೈಲನ್ನು ತೆಗೆದೆವು. ಓದು ತಪ್ಪಾಗಿದ್ದರೂ ಡ್ರೈವ್ ಅದನ್ನು ಹೇಳದೆ ಮುಂದೆ ಹೋಗುವ ಸಾಧ್ಯತೆ ಇಲ್ಲಿ ಇರುವುದರಿಂದ, ಮದುವೆಯ ವಿಸಿಡಿಗಳನ್ನು ಎರಡೂ ಡ್ರೈವ್‌ಗಳಲ್ಲಿ ತೆಗೆದು ಫೈಲುಗಳನ್ನು ಒಂದಕ್ಕೊಂದು ಹೋಲಿಸಿದೆವು. ಹೊಂದದವುಗಳನ್ನು ಕೂತು ನೋಡಿ ಉತ್ತಮವಾದುದನ್ನು ಇಟ್ಟುಕೊಂಡೆವು.

ಹ್ಯಾಂಡಿಕ್ಯಾಮಿನ ಚಿಕ್ಕ ಡಿಸ್ಕ್‌ಗಳಲ್ಲಿ ಕೆಲವನ್ನು ಕ್ಯಾಮೆರಾದಲ್ಲಿ ಫೈನಲೈಸ್ ಮಾಡಿರಲಿಲ್ಲ, ಅಂದರೆ ಬೇರೆ ಯಂತ್ರಗಳಲ್ಲಿ ಓಡಲು ಬೇಕಾದ ಕೊನೆಯ ಬರಹ ಅವುಗಳಲ್ಲಿ ಇರಲಿಲ್ಲ. ಟಿವಿಯ ಪ್ಲೇಯರ್ ಅವನ್ನು ಗುರುತಿಸಲೇ ಇಲ್ಲ, ಒಂದು ಡ್ರೈವ್ ‘ಖಾಲಿ ಡಿಸ್ಕ್’ ಎಂದಿತು. ಇನ್ನೊಂದು ಡ್ರೈವಿನಲ್ಲಿ ಐಸೊಬಸ್ಟರ್ ತಂತ್ರಾಂಶದ ಮೂಲಕ ಒಳಗಿನ ವಿಡಿಯೊ ಕಾಣಿಸಿತು. ಕ್ಯಾಮೆರಾ ಇನ್ನೂ ಚಾಲೂ ಆಗುತ್ತಿದ್ದ ಕಾರಣ ಅದರಲ್ಲಿಯೇ ಫೈನಲೈಸ್ ಮಾಡೋಣವೆಂದು ಮನೆಯವರು ಅವಸರಪಟ್ಟರು. ಆದರೆ ಅದು ಮೂಲ ಡಿಸ್ಕಿನ ಮೇಲೆ ಹೊಸದಾಗಿ ಬರೆಯುವ ಕ್ರಿಯೆ; ಸೊರಗಿದ ಲೇಸರ್ ನಡುವೆ ಕೈಕೊಟ್ಟರೆ ಹಿಂದಿರುಗುವ ದಾರಿ ಇರದು. ಓದಿ ಇಳಿಸಿಕೊಂಡ ಮೇಲೆಯೇ ಬರೆಯುವ ಮಾತು ಎಂದು ನಿಲ್ಲಿಸಿದೆ. ಇಳಿಸಿಕೊಂಡ ಮೇಲೆ ಬರೆಯುವ ಅಗತ್ಯವೇ ಉಳಿಯಲಿಲ್ಲ. ಇಂಥ ಚಿಕ್ಕ ಡಿಸ್ಕನ್ನು ಟ್ರೇಯ ಒಳಗಿನ ಸಣ್ಣ ವೃತ್ತದಲ್ಲಿ ಇಡಬೇಕು. ಸೀಳಿನೊಳಗೆ ಡಿಸ್ಕನ್ನು ಎಳೆದುಕೊಳ್ಳುವ ಬಗೆಯ ಡ್ರೈವಿಗೆ ಹಾಕಿದರೆ ಒಳಗೇ ಸಿಕ್ಕಿಕೊಳ್ಳುತ್ತದೆ.

ಏನಾಯಿತು

ತಾಳಮದ್ದಳೆಯ ಡಿವಿಡಿಯನ್ನು ಮೊದಲ ಡ್ರೈವ್ ಹೆಚ್ಚಿನಂಶ ಓದಿತು, ಅಂಚಿನ ಭಾಗದಲ್ಲಿ ಪೂರ್ತಿ ನಿಂತಿತು. ಪ್ರಸಂಗದ ಕೊನೆಯ ಸಂವಾದ, ಮನೆಯವರು ಕೇಳಬೇಕೆಂದು ಕಾದಿದ್ದ ಭಾಗ, ಅಲ್ಲಿತ್ತು. ಅದೇ ಮ್ಯಾಪ್ ಫೈಲಿನೊಂದಿಗೆ ಎರಡನೆಯ ಡ್ರೈವಿಗೆ ಹಾಕಿದಾಗ ಅಂಚಿನ ಬಹುಪಾಲು ಸಿಕ್ಕಿತು. ಆದರೆ ನಡುವಿನ ಕೆಲವು ಜಾಗ, ಮೊದಲನೆಯದು ಓದಿ ಮುಗಿಸಿದ್ದ ಜಾಗ, ಈ ಡ್ರೈವಿಗೆ ಸಿಗುತ್ತಿರಲಿಲ್ಲವೆಂಬುದು ಪ್ರತ್ಯೇಕವಾಗಿ ಓದಿಸಿ ನೋಡಿದಾಗ ಗೊತ್ತಾಯಿತು. ಅಂದರೆ ಎರಡರಲ್ಲಿ ಯಾವುದೊಂದನ್ನೇ ನಂಬಿದ್ದರೂ ದಾಖಲೆ ಅಪೂರ್ಣವಾಗುತ್ತಿತ್ತು. ಬದಿಗಿಟ್ಟಿದ್ದ ತೆಳ್ಳಗಿನ ಡ್ರೈವನ್ನೂ ಕೊನೆಗೆ ಹಬ್ಬಿನ ಮೂಲಕ ಜೋಡಿಸಿ ಬಿಟ್ಟೆವು; ಅದು ಇನ್ನೂ ಕೆಲವು ಸೆಕ್ಟರ್‌ಗಳನ್ನು ತಂದುಕೊಟ್ಟಿತು.

ಎಲ್ಲವೂ ಸಿಗಲಿಲ್ಲ. ಡಿವಿಡಿಯಲ್ಲಿ ತಪ್ಪು ತಿದ್ದುವಿಕೆ 16 ಸೆಕ್ಟರ್‌ಗಳ, ಅಂದರೆ 32 ಕಿಲೊಬೈಟಿನ ಕಟ್ಟುಗಳಲ್ಲಿ ನಡೆಯುತ್ತದೆ. ಕಟ್ಟು ಸೋತರೆ ಸಾಮಾನ್ಯವಾಗಿ ಇಡೀ ಕಟ್ಟೇ ಹೋಗುತ್ತದೆ. ಚಿತ್ರಗಳನ್ನು ಹನ್ನೆರಡರ ಆಸುಪಾಸಿನ ಗುಂಪುಗಳಾಗಿ ಸಂಕುಚಿಸಿರುವುದರಿಂದ ಒಂದು ಕಟ್ಟು ಹೋದರೆ ಸುಮಾರು ಅರ್ಧ ಸೆಕೆಂಡು ಚಿತ್ರ ಒಡೆಯುತ್ತದೆ. ಕೊನೆಯ ಸಂವಾದದಲ್ಲಿ ಅಂಥ ಒಡಕುಗಳು ಕೆಲವು ಕಡೆ ಉಳಿದಿವೆ. ಅವುಗಳಲ್ಲಿ ಮಾತು ತುಂಡಾದ ಕಡೆ ಕಡಿಮೆ. ಅರ್ಥದ ಓಟ ಎಲ್ಲಿಯೂ ತಪ್ಪುವುದಿಲ್ಲ.

ಒಂದು ಮದುವೆಯ ವಿಸಿಡಿ ಮಾತ್ರ ಪೂರ್ತಿ ಹೋಯಿತು. ಮೇಲೆ ಅಂಟಿಸಿದ್ದ ಫೋಟೊ ಚೀಟಿ ತೇವಕ್ಕೆ ಎದ್ದಾಗ ಯಾರೋ ಅದನ್ನು ಕಿತ್ತಿದ್ದರು. ಡಿವಿಡಿಯಲ್ಲಿ ಮಾಹಿತಿಯ ಪದರ 0.6 ಮಿ.ಮೀ. ದಪ್ಪದ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುತ್ತದೆ. ಸಿ.ಡಿ.ಯಲ್ಲಿ ಅದು ಹೆಸರು ಬರೆಯುವ ಬದಿಯಲ್ಲಿ, ತೆಳುವಾದ ಮೆರುಗೆಣ್ಣೆಯ ಕೆಳಗೇ ಇರುತ್ತದೆ. ಚೀಟಿಯೊಂದಿಗೆ ಬೆಳ್ಳಿಯ ಪದರವೇ ಎದ್ದು ಬಂದಿತ್ತು. ಇಂಥದಕ್ಕೆ ಯಾವ ಡ್ರೈವೂ ನೆರವಾಗದು. ಉಳಿದ ಡಿಸ್ಕ್‌ಗಳಲ್ಲಿ ಚೀಟಿ ಇದ್ದವನ್ನೆಲ್ಲ ಹಾಗೆಯೇ ಬಿಡಿ, ಎದ್ದ ಚೀಟಿಯನ್ನು ಕೀಳಬೇಡಿ ಎಂದು ಮನೆಯವರಿಗೆ ಒತ್ತಿ ಹೇಳಿದೆ.

ಇಮೇಜ್‌ಗಳನ್ನು ಚಿಕ್ಕದಾಗಿಸುವ ಸಲಹೆಯೂ ಬಂತು. ಡಿವಿಡಿಯ 720×576 ಚುಕ್ಕೆಗಳ ಚಿತ್ರವನ್ನು ಇನ್ನೊಮ್ಮೆ ಸಂಕುಚಿಸಿದರೆ ಕಳೆದದ್ದು ಮರಳಿ ಬಾರದು, ಉಳಿಯುವ ಜಾಗವೂ ಇಂದಿನ ಹಾರ್ಡ್‌ಡಿಸ್ಕ್ ಬೆಲೆಯಲ್ಲಿ ಅಲ್ಪ. ಆದ್ದರಿಂದ ಮೂಲ ಇಮೇಜ್‌ಗಳನ್ನು ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಇಟ್ಟು, ಒಂದನ್ನು ಕರಾವಳಿಯ ಮನೆಯಲ್ಲಿ, ಇನ್ನೊಂದನ್ನು ಘಟ್ಟದ ಮೇಲೆ ಶಿರಸಿಯಲ್ಲಿ ಉಳಿಸಿದೆವು. ಪ್ರತಿ ಫೈಲಿಗೂ ಚೆಕ್‌ಸಮ್ (ಫೈಲು ಬದಲಾಗಿದೆಯೇ ಎಂದು ಮುಂದೆ ತಾಳೆ ನೋಡುವ ಗುರುತು) ಬರೆದಿಟ್ಟಿದ್ದೇವೆ. ಮೊಬೈಲಿನಲ್ಲಿ ನೋಡಲು ಬೇಕಾದವನ್ನು ಮಾತ್ರ ಆ ಇಮೇಜ್‌ಗಳಿಂದ ಪ್ರತ್ಯೇಕವಾಗಿ ತಯಾರಿಸಿದೆವು. ಹೊಸ ಬ್ಲೂ-ರೇ ಡಿಸ್ಕ್‌ಗಳಿಗೆ ಬರೆದಿಡುವ ಯೋಚನೆಯನ್ನು ಕೈಬಿಟ್ಟೆವು. ಬರೆಯಬಲ್ಲ ಬ್ಲೂ-ರೇಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದ ಮೇಲೆ, ಡ್ರೈವ್‌ಗಳು ಇನ್ನಷ್ಟು ವಿರಳವಾಗುವ ಮಾಧ್ಯಮಕ್ಕೆ ಈಗ ಹೊಸದಾಗಿ ಹೋಗುವುದು ನನಗೆ ವಿವೇಕವೆನಿಸಲಿಲ್ಲ.

ಇನ್ನೂ ಅಪೂರ್ಣವಾಗಿ ಉಳಿದ ಇಮೇಜ್‌ಗಳ ಮ್ಯಾಪ್ ಫೈಲುಗಳನ್ನು ಅಳಿಸಿಲ್ಲ, ಆ ಡಿಸ್ಕ್‌ಗಳನ್ನು ಎಸೆದೂ ಇಲ್ಲ. ರೆಕ್ಸಿನ್ ಚೀಲದಿಂದ ತೆಗೆದು ಒಂದೊಂದನ್ನೂ ಗಟ್ಟಿ ಪೆಟ್ಟಿಗೆಯಲ್ಲಿ ನಿಲ್ಲಿಸಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಶಿರಸಿಯ ಮನೆಯಲ್ಲಿಟ್ಟಿದ್ದಾರೆ. ಎರಡೂ ಡ್ರೈವ್‌ಗಳ ಮೇಲೆ ಅವುಗಳ ನಿಜವಾದ ತಯಾರಕರ ಗುರುತನ್ನು ಬರೆದಿದ್ದೇವೆ. ಈ ಎರಡಕ್ಕೂ ಸೇರದ ಮೂರನೆಯ ಗುರುತಿನ ಅಗಲದ ಡ್ರೈವ್ ಹುಬ್ಬಳ್ಳಿಯಲ್ಲೋ ಕಾರವಾರದಲ್ಲೋ ಸಿಕ್ಕಿದರೆ, ತಾಳಮದ್ದಳೆಯ ಡಿಸ್ಕನ್ನು ಅದೇ ಮ್ಯಾಪ್ ಫೈಲಿನೊಂದಿಗೆ ಅದಕ್ಕೂ ಹಾಕಿ ನೋಡುವುದೆಂದು ಯಜಮಾನರ ಮಗಳು ತೀರ್ಮಾನಿಸಿದ್ದಾರೆ.